ಮೇಲಿನ ಮಂಚ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ಕೈ ಮುರಿದವರು, ಕಾಲು ಉಳುಕಿದವರು, ಕೆಮ್ಮಿ ಕೆಮ್ಮಿ ಸುಸ್ತಾದವರು, ಎಲ್ಲರೂ ಅವಳ ಮೇಜಿನ ಮೇಲೆ ಮಲಗಿ ಎದ್ದುಹೋಗುವವರೇ. ದೊಡ್ಡವರ ಮೂಳೆ ಕಂಡರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಮಕ್ಕಳು ಬಂದರೆ ಮಾತ್ರ ಅವರು ಹೇಗೆ ಬಿದ್ದಿರಬಹುದೆಂಬುದು ಕಣ್ಣ ಮುಂದೆ ಬರುತ್ತಿತ್ತು. ಬೀಳುವ ಮಗು ಕೈ ಚಾಚುತ್ತದೆ. ನೆಲ ಮೊದಲು ಸಿಗುವುದು ಅಂಗೈಗೆ, ಮುರಿಯುವುದು ಮಣಿಕಟ್ಟು. ಕೈ ಚಾಚಲು ಪುರಸೊತ್ತು ಸಿಗದ ಮಗುವಿನದು ಭುಜದ ಮೂಳೆ. ನಿದ್ದೆಯಲ್ಲಿ ಬಿದ್ದ ಮಗುವಿನದು ಯಾವುದೆಂದು ಅವಳು ಯೋಚಿಸಲೂ ಹೋಗುತ್ತಿರಲಿಲ್ಲ.

"ಹೇಗಾಯ್ತು?" ಎಂದು ಕೇಳುವುದು ಅವಳ ಕೆಲಸದಲ್ಲೇ ಸೇರಿತ್ತು. ಏಟು ಯಾವ ಕಡೆಯಿಂದ ಬಿತ್ತೆಂದು ತಿಳಿದರೆ ಕೈಯನ್ನು ಹೇಗೆ ತಿರುಗಿಸಿ ಇಡಬೇಕೆಂದು ತಿಳಿಯುತ್ತದೆ. "ಹೀಗೆ ತಿರುಗೋದ್ರೊಳಗೆ ಆಗ್ಹೋಯ್ತು ಅಕ್ಕಾ" ಎನ್ನುತ್ತಾ ತಾಯಂದಿರು ಕಣ್ಣು ತಪ್ಪಿಸುತ್ತಿದ್ದರು. ಎಕ್ಸ್‌ರೇ ಅಕ್ಕ ತುಟಿಪಿಟಕ್ಕೆನ್ನದೆ ಕೇಳಿಸಿಕೊಳ್ಳುತ್ತಿದ್ದಳು. ಒಳಗೊಳಗೇ ಮಾತ್ರ ತೀರ್ಪು ಕೊಟ್ಟುಬಿಡುತ್ತಿದ್ದಳು: ಸರಿಯಾಗಿ ನೋಡಿಕೊಂಡಿಲ್ಲ.

ಇಂಥವಳ ಮುಂದೆ ಅವಳ ಗಂಡ ಒಂದು ದಿನ ಊಟಕ್ಕೆ ಕೂತಾಗ, "ಮಕ್ಕಳಿಗೆ ಎರಡಂತಸ್ತಿನ ಮಂಚ ತಂದುಬಿಡೋಣ. ಜಾಗ ಉಳಿಯುತ್ತೆ, ಜಗಳ ತಪ್ಪುತ್ತೆ" ಎಂದ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಕ್ಕಳ ಕೋಣೆ ಎಂದರೆ ಒಂದು ಕಿಟಕಿ, ಒಂದು ಬೀರು, ಉಳಿದ ಜಾಗಕ್ಕೆ ಒಂದು ಮಂಚ. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಒಂಬತ್ತು ವರ್ಷ. ಶೂ ಹಾಕಿಕೊಳ್ಳುವುದಕ್ಕೂ ಯೋಚನೆ ಮಾಡುವ ಹುಡುಗಿ. ಅಪ್ಪ ಅವಳಿಗೆ ಆಮೆ ಎಂದು ಹೆಸರಿಟ್ಟಿದ್ದ. ಐದು ತುಂಬಿದ ಚಿಕ್ಕವಳು ಗುಬ್ಬಿ. ಗುಬ್ಬಿ ನಿದ್ದೆಯಲ್ಲೂ ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದ್ದಳು. ಅವಳ ಒದೆ ತಿಂದು ಆಮೆ ಎಷ್ಟೋ ಸಲ ನೆಲಕ್ಕೆ ಬಿದ್ದಿದ್ದಳು. ಬಿದ್ದರೆ ಅಳುತ್ತಿರಲಿಲ್ಲ, ಯಾರನ್ನೂ ಎಬ್ಬಿಸುತ್ತಿರಲಿಲ್ಲ. ದಿಂಬನ್ನು ಎಳೆದುಕೊಂಡು ಅಲ್ಲೇ ಮಲಗಿಬಿಡುತ್ತಿದ್ದಳು.

"ಮೇಲಿಂದ ಬಿದ್ರೆ?" ಎಂದಳು ಎಕ್ಸ್‌ರೇ ಅಕ್ಕ.

"ಬಿದ್ರೆ ಬಿದ್ರೆ ಅಂತ ಕೂತ್ರೆ ನಾನು ಬಸ್ಸಿನ ಕೀಲಿ ತಿರುಗಿಸೋ ಹಾಗೇ ಇಲ್ಲ ಕಣೇ." ಅವನು ನಗರದ ಬಸ್ಸು ಓಡಿಸುವವನು. ದಿನವಿಡೀ ಅಷ್ಟು ಜನರ ಜೀವವನ್ನು ಬೆನ್ನ ಹಿಂದೆ ಹೊತ್ತುಕೊಂಡು ತಿರುಗಿ, ಮನೆಗೆ ಬಂದು ದಿಂಬಿಗೆ ತಲೆ ಕೊಟ್ಟರೆ ಗೊರಕೆ ಹೊಡೆಯುವವನು. ಆ ಗೊರಕೆ ಕೇಳಿದಾಗಲೆಲ್ಲ ಅವಳಿಗೆ, ಇಬ್ಬರ ಪಾಲಿನ ಭಯವನ್ನೂ ತನ್ನ ತಲೆಗೇ ಕಟ್ಟಿದ್ದಾನೆ ಎನ್ನಿಸುತ್ತಿತ್ತು.

ಕೊನೆಗೆ ಮಕ್ಕಳನ್ನೂ ಕರೆದುಕೊಂಡು ಮಂಚದ ಅಂಗಡಿಗೆ ಹೋದರು. ಅಂಗಡಿಯವನು ಮಾತಿನ ಮಲ್ಲ. ಕಬ್ಬಿಣದ ಮಂಚವೊಂದನ್ನು ಗುದ್ದಿ, "ಆನೆ ಮಲಗಿದ್ರೂ ಜಗ್ಗಲ್ಲ ಮೇಡಂ" ಎಂದ.

"ಆನೆ ಉರುಳಲ್ಲ. ಮಕ್ಕಳು ಉರುಳ್ತಾರೆ" ಎಂದಳು ಅವಳು. ಏಣಿಯ ಮೆಟ್ಟಿಲು ದುಂಡನೆಯ ಕೊಳವೆಯದು. ಬರಿಗಾಲಿನಲ್ಲಿ, ಅದೂ ನಿದ್ದೆಗಣ್ಣಿನಲ್ಲಿ ಇಳಿಯುವ ಮಗುವಿನ ಪಾದ ಅದರ ಮೇಲೆ ನಿಲ್ಲುವುದಿಲ್ಲ. ಮುಂದಿನ ಮಂಚಕ್ಕೆ ತಡೆಪಟ್ಟಿ ಒಂದೇ ಕಡೆ ಇತ್ತು.

"ಇನ್ನೊಂದು ಕಡೆ ಗೋಡೆ ಇರುತ್ತಲ್ಲಾ ಮೇಡಂ."

"ಗೋಡೆಗೂ ಮಂಚಕ್ಕೂ ನಡುವೆ ಏನಿರುತ್ತೆ?"

"ಏನೂ ಇರಲ್ಲ."

"ಆ ಏನೂ ಇಲ್ಲದ ಜಾಗಕ್ಕೇ ಮಗು ಜಾರೋದು."

ಅಂಗಡಿಯವನು ಅವಳ ಗಂಡನ ಮುಖ ನೋಡಿದ. ಗಂಡ ಚಾವಣಿ ನೋಡಿದ. "ನಮ್ಮನೇಲಿ ಬ್ರೇಕು ಜಾಸ್ತಿ, ಆಕ್ಸಿಲರೇಟರ್ ಕಮ್ಮಿ" ಎಂದು ಗೊಣಗಿದ.

ಕೊನೆಗೆ ಒಪ್ಪಿದ್ದು ಒಂದು ಮರದ ಮಂಚ. ಎರಡೂ ಕಡೆ ತಡೆಪಟ್ಟಿ, ಏಣಿ ಇರುವಲ್ಲಿ ಮಾತ್ರ ಹತ್ತಿ ಇಳಿಯುವಷ್ಟು ಬಿಡುವು. ಏಣಿ ಓರೆಯಾಗಿತ್ತು, ಮೆಟ್ಟಿಲು ಚಪ್ಪಟೆ. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದ್ದರು. ಪಟ್ಟಿಗಳ ಸಂದಿಯಲ್ಲಿ ಅವಳು ಮುಷ್ಟಿ ತೂರಿಸಿ ನೋಡಿದಳು. ತಲೆ ಹೋಗುವಷ್ಟು ಜಾಗ ಎಲ್ಲೂ ಇರಲಿಲ್ಲ. ಕಂಬ ಹಿಡಿದು ಅಲ್ಲಾಡಿಸಿದಳು, ಕಿರುಗುಟ್ಟಲಿಲ್ಲ. ಅಂಗಡಿಯವನು ಖುಷಿಯಾಗಿ ಮೇಲೊಂದು ದಪ್ಪ ಹಾಸಿಗೆ ಎತ್ತಿಹಾಕಿದ. ಅವಳು ಅದರ ಮೇಲೆ ಅಂಗೈ ನಿಲ್ಲಿಸಿದಳು. ತಡೆಪಟ್ಟಿ ಅವಳ ಬೆರಳುಗಳ ಬುಡಕ್ಕೂ ಬರಲಿಲ್ಲ.

"ಹಾಸಿಗೆ ಎತ್ತರ ಆದಷ್ಟೂ ಪಟ್ಟಿ ಗಿಡ್ಡ ಆಗುತ್ತೆ. ತೆಳ್ಳಗಿರೋದು ಕೊಡಿ."

"ತೆಳ್ಳಗಿರೋದು ಬೆನ್ನಿಗೆ ಒತ್ತುತ್ತೆ ಮೇಡಂ. ಮಕ್ಕಳಿಗೆ ಸುಖ ಬೇಡ್ವಾ?"

"ಬೆನ್ನು ಒತ್ತಿದ್ರೆ ಯಾರೂ ನಮ್ಮ ಆಸ್ಪತ್ರೆಗೆ ಬರಲ್ಲ."

ಮೇಲೆ ಯಾರು ಎನ್ನುವುದು ಉಳಿದಿತ್ತು. ಗುಬ್ಬಿ ಏಣಿಯನ್ನು ಅಪ್ಪಿಕೊಂಡು "ನಾನು ನಾನು" ಎಂದು ಅಂಗಡಿಯನ್ನೇ ತಲೆಯ ಮೇಲೆ ಹೊತ್ತಳು. ಇಷ್ಟು ಚಿಕ್ಕವರು ಮೇಲೆ ಮಲಗಬಾರದು, ಅದರಲ್ಲಿ ಎರಡು ಮಾತಿಲ್ಲ. ಎಕ್ಸ್‌ರೇ ಅಕ್ಕ ದೊಡ್ಡ ಮಗಳ ಕಡೆ ತಿರುಗಿದಳು. ಆಮೆ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವಳು ಅದನ್ನು ಮೆಲ್ಲಗೆ ಕೆಳಗಿಳಿಸಿದಳು.

"ನಿಂಗೆ ಭಯ ಇಲ್ಲ, ಅಲ್ವಾ?"

"ಇಲ್ಲಮ್ಮಾ" ಎಂದಳು ಆಮೆ. ಹಾಗೆ ಕೇಳಿದರೆ ಅವಳು ಬೇರೆ ಏನು ಹೇಳಿಯಾಳು?

"ಒಂದ್ಸಲ ಹತ್ತಿ ನೋಡಿ, ಅಮ್ಮನೂ ಹತ್ತಬಹುದು" ಎಂದ ಅಂಗಡಿಯವನು. ಎಕ್ಸ್‌ರೇ ಅಕ್ಕ ನಗಲಿಲ್ಲ, ಹತ್ತಲೂ ಇಲ್ಲ. ಅಳೆಯಬೇಕಾದ್ದನ್ನೆಲ್ಲ ಅವಳು ಕೆಳಗೆ ನಿಂತೇ ಅಳೆದಿದ್ದಳು.

ಮಂಚ ಮನೆಗೆ ಬಂತು. ಜೋಡಿಸುವವರು ಹೋದ ಮೇಲೆ ಅವಳು ಪ್ರತಿಯೊಂದು ಬೋಲ್ಟನ್ನೂ ಮತ್ತೊಮ್ಮೆ ಬಿಗಿ ಮಾಡಿದಳು. ಮೇಲೆ ಎದ್ದು ಕೂತವರಿಗೆ ಫ್ಯಾನಿನ ರೆಕ್ಕೆ ತಾಗದ ಹಾಗೆ ಮಂಚವನ್ನು ಮೂಲೆಗೆ ತಳ್ಳಿಸಿದಳು. ಕೆಲವು ದಿನ ಎಲ್ಲ ಚೆನ್ನಾಗಿತ್ತು. ಭಯ ತೀರಿಹೋಯಿತೆಂದೇ ಅವಳು ತಿಳಿದಿದ್ದಳು. ಅದು ಸುಮ್ಮನೆ ಕೂತಿತ್ತು ಅಷ್ಟೇ.

ಆಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಗೆ ಒಬ್ಬ ಹುಡುಗನನ್ನು ಎತ್ತಿಕೊಂಡು ಬಂದರು. ಆಮೆಯಷ್ಟೇ ದೊಡ್ಡವನು. ಕಣ್ಣು ಬಿಟ್ಟಿದ್ದ, ಆದರೆ ಯಾರನ್ನೂ ನೋಡುತ್ತಿರಲಿಲ್ಲ.

"ಹೇಗಾಯ್ತು?"

"ಮೇಲಿನ ಮಂಚದಿಂದ ಬಿದ್ದ ಅಕ್ಕಾ" ಎಂದಳು ತಾಯಿ. "ತಡೆಪಟ್ಟಿ ಇತ್ತು. ಎರಡೂ ಕಡೆ ಇತ್ತು. ಹೇಗೆ ದಾಟಿದನೋ ದೇವರಿಗೇ ಗೊತ್ತು."

ಆ ದಿನ ಎಕ್ಸ್‌ರೇ ಅಕ್ಕನ ಒಳಗೆ ತೀರ್ಪು ಹುಟ್ಟಲಿಲ್ಲ. ಆ ತಾಯಿಯ ಮುಖದಿಂದ ಅವಳೇ ಕಣ್ಣು ತಪ್ಪಿಸಿದಳು. ಕೆಲಸ ಮುಗಿಯುವ ಹೊತ್ತಿಗೆ ಅವಳು ಸಾಮಾನಿನ ಕಪಾಟಿನ ಮುಂದೆ ನಿಂತಿದ್ದಳು. ಸುಮ್ಮನೆ ಮಲಗದ ಮಕ್ಕಳನ್ನು ಮೇಜಿಗೆ ಹಿಡಿದಿಡಲು ಅಲ್ಲೊಂದು ಬೆಲ್ಟಿನಂಥ ಅಗಲವಾದ ಪಟ್ಟಿ ಇರುತ್ತದೆ. ಒಳಗೆ ಮೆತ್ತನೆಯ ಬಟ್ಟೆ, ತುದಿಯಲ್ಲಿ ಒತ್ತಿದರೆ ಅಂಟಿಕೊಳ್ಳುವ ವೆಲ್ಕ್ರೋ. ಹಳೆಯದೊಂದನ್ನು ಎಸೆಯಲು ತೆಗೆದಿಟ್ಟಿದ್ದರು.

"ಅದ್ಯಾಕೆ ನಿಂಗೆ?" ಎಂದಳು ಜೊತೆಯಲ್ಲಿ ಕೆಲಸ ಮಾಡುವ ಹಿರಿಯಳು. ಹಿಂದೆ ಕತ್ತಲಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದ ಕಾಲದಿಂದಲೂ ಅವಳಿಗೆ ಡಾರ್ಕ್‌ರೂಮ್ ದೊಡ್ಡಮ್ಮ ಎಂದೇ ಹೆಸರು.

"ಮನೇಲಿ ಹಾಸಿಗೆ ಜಾರುತ್ತೆ, ಕಟ್ಟೋಕೆ" ಎಂದಳು ಎಕ್ಸ್‌ರೇ ಅಕ್ಕ. ಪೂರ್ತಿ ಸುಳ್ಳೇನಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಅಂದಿನಿಂದ ಆಮೆ ಮಲಗಿದ ಮೇಲೆ ತಾಯಿ ಏಣಿಯ ನಡುವಿನ ಮೆಟ್ಟಿಲಿಗೆ ಹತ್ತಿ, ಮಗಳ ಸೊಂಟದ ಮೇಲೆ ಹೊದಿಕೆಯ ಸಮೇತ ಪಟ್ಟಿಯನ್ನು ಸುತ್ತಿ, ಎರಡೂ ತುದಿಗಳನ್ನು ಮಂಚದ ಹಲಗೆಯ ಅಡಿಯಲ್ಲಿ ಒಂದಕ್ಕೊಂದು ಅಂಟಿಸುತ್ತಿದ್ದಳು. ನಿದ್ದೆಯಲ್ಲಿ ಮಗಳೇ ಬಿಚ್ಚಿಕೊಂಡುಬಿಟ್ಟರೆ ಎಂದು ಅದು ಅವಳ ಕೈಗೆ ಎಟುಕದ ಕಡೆ ಇತ್ತು.

"ನೋವಾಗುತ್ತಾ?"

"ಇಲ್ಲಮ್ಮಾ."

"ಅಲ್ಲಾಡಬೇಡ, ಆಯ್ತಾ?"

ಆಸ್ಪತ್ರೆಯಲ್ಲಿ ದಿನಕ್ಕೆ ಅದೆಷ್ಟು ಸಲ ಆಡುವ ಮಾತೋ ಅದು. ಉಸಿರು ಹಿಡ್ಕೊ, ಅಲ್ಲಾಡಬೇಡ. ಅಲ್ಲಿ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಆಯ್ತು, ಉಸಿರು ಬಿಡು. ಮನೆಯಲ್ಲಿ ಆ ಎರಡನೆಯ ಮಾತು ಹೇಳದೆಯೇ ಅವಳು ದೀಪ ಆರಿಸಿ ಹೋಗುತ್ತಿದ್ದಳು.

ಗಂಡ ಒಮ್ಮೆ ಪಟ್ಟಿಯನ್ನು ನೋಡಿ, "ಬಸ್ಸಲ್ಲೇ ನಾನು ಬೆಲ್ಟ್ ಹಾಕ್ಕೊಳ್ಳೋಕೆ ಮೈಗಳ್ಳತನ ಮಾಡ್ತೀನಿ, ನೀನು ಮಂಚಕ್ಕೆ ಹಾಕಿದ್ದೀಯಲ್ಲೇ" ಎಂದು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಆಮೇಲೆ ಆ ವಿಷಯ ಎತ್ತಲಿಲ್ಲ. ಬೆಳಿಗ್ಗೆ ಆಮೆಯ ಹಾಸಿಗೆಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ಅದನ್ನು ಕಂಡು ತಾಯಿಗೆ ಹೆಮ್ಮೆಯೇ ಆಗುತ್ತಿತ್ತು. ಮಲಗಿದ್ದ ಮಗುವಿನ ಹಾಸಿಗೆ ಯಾಕೆ ಸುಕ್ಕಾಗಲಿಲ್ಲ ಎಂದು ಅವಳು ಕೇಳಿಕೊಳ್ಳಲಿಲ್ಲ. ಹುಡುಗಿಯ ಕಣ್ಣ ಕೆಳಗೆ ಕಪ್ಪು ಕೂತದ್ದಕ್ಕೆ ಶಾಲೆಯ ಓದು ಜಾಸ್ತಿಯಾಯಿತೆಂದುಕೊಂಡಳು.

ಅದೊಂದು ಭಾನುವಾರ. ಗಂಡನಿಗೆ ರಜೆ ಇರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಆಮೆ ತೂಕಡಿಸುತ್ತಿದ್ದುದನ್ನು ನೋಡಿ ತಾಯಿ ಅವಳನ್ನು ಮಲಗಿಸಿ, ಪಟ್ಟಿ ಬಿಗಿದು, ಅಡಿಗೆಮನೆಗೆ ಹೋದಳು. ಪಾತ್ರೆಗಳು ರಾಶಿ ಬಿದ್ದಿದ್ದವು. ನಲ್ಲಿಯ ನೀರಿನ ಸದ್ದಿನಲ್ಲಿ ಮನೆಯ ಬೇರೆ ಸದ್ದೆಲ್ಲ ಮುಳುಗಿಹೋಗಿತ್ತು. ಕಿಟಕಿಯಾಚೆ ಯಾರೋ ಸೈಕಲ್ ತೊಳೆಯುತ್ತಿದ್ದರು. ಒಳ್ಳೆಯ ಮಧ್ಯಾಹ್ನ ಎಂದುಕೊಂಡಳು.

ಗುಬ್ಬಿ ಬಂದು ಸೆರಗು ಹಿಡಿದು ಜಗ್ಗಿದಳು. "ಅಮ್ಮಾ, ಆಮೆ ಒಂಚೂರೂ ಅಲ್ಲಾಡ್ತಿಲ್ಲ."

"ಜಾಣೆ ಅವಳು" ಎಂದಳು ಎಕ್ಸ್‌ರೇ ಅಕ್ಕ. "ನೀನೂ ಹಾಗೇ ಇರೋದು ಕಲಿ."

ಅವಳ ಮಟ್ಟಿಗೆ ಅಲ್ಲಾಡದ ಮಗು ಎಂದರೆ ಒಳ್ಳೆಯ ಮಗು. ಅಲ್ಲಾಡದಿದ್ದರೆ ಚಿತ್ರ ಮಸುಕಾಗುವುದಿಲ್ಲ, ಎರಡನೇ ಸಲ ತೆಗೆಯಬೇಕಿಲ್ಲ. ಅಷ್ಟು ವರ್ಷದ ಅಭ್ಯಾಸ ಬಾಯಿಂದ ತಾನಾಗಿ ಬಂದಿತ್ತು. ತಟ್ಟೆಯೊಂದನ್ನು ತೊಳೆದು ಬೋರಲು ಹಾಕಿದಳು. ಇನ್ನೊಂದನ್ನು ಕೈಗೆತ್ತಿಕೊಂಡಳು.

"ನಾನು ಕಾಲಿಗೆ ಕಚಗುಳಿ ಇಟ್ಟೆ" ಎಂದಳು ಗುಬ್ಬಿ. "ಆಗ್ಲೂ ಅಲ್ಲಾಡ್ಲಿಲ್ಲ."

ಮೇಲೆ ಮಲಗಿದವಳ ಕಾಲು ಗುಬ್ಬಿಯ ಕೈಗೆ ಹೇಗೆ ಎಟುಕಿತು?

ತಟ್ಟೆ ಎಲ್ಲಿ ಬಿತ್ತೋ ಅವಳಿಗೆ ಗೊತ್ತಾಗಲಿಲ್ಲ. ಅಡಿಗೆಮನೆಯಿಂದ ಮಕ್ಕಳ ಕೋಣೆಗೆ ಓಡಿದಳು. ಬಾಗಿಲಲ್ಲಿ ಅವಳಿಗೆ ಮೊದಲು ಕಂಡದ್ದು ಎರಡು ಪಾದಗಳು. ಏಣಿಯ ಮೆಟ್ಟಿಲೊಂದರ ಅಂಚಿಗೆ ಹೆಬ್ಬೆರಳುಗಳು ಮಾತ್ರ ತಾಗಿದ್ದವು. ಮೇಲೆ, ಇಳಿಯಲೆಂದು ಬಿಟ್ಟಿದ್ದ ಜಾಗದಲ್ಲಿ, ಆಮೆ ಅರ್ಧ ಹೊರಗೆ ಜಾರಿ ನೇತುಬಿದ್ದಿದ್ದಳು. ಸೊಂಟದಲ್ಲಿದ್ದ ಪಟ್ಟಿ ಎದೆ ದಾಟಿ ಕಂಕುಳಿಗೆ ಬಂದು, ಒಂದು ಅಂಚು ಗಲ್ಲದ ಕೆಳಗೆ ಒತ್ತಿಕೊಂಡಿತ್ತು. ತುಟಿಯ ಬಣ್ಣ ತಾಯಿ ಆಸ್ಪತ್ರೆಯಲ್ಲಿ ಮಾತ್ರ ನೋಡಿದ್ದ ಬಣ್ಣ. ಕಣ್ಣು ತೆರೆದೇ ಇತ್ತು.

ಆ ಕಣ್ಣು ತಾಯಿಯ ಕಡೆ ಹೊರಳಿತು. ಬೇರೆ ಏನೂ ಅಲ್ಲಾಡಲಿಲ್ಲ.

ಅವಳು ಪಟ್ಟಿಯ ತುದಿಗೆ ಕೈ ಹಾಕಿ ಕಿತ್ತಳು. ಬರಲಿಲ್ಲ. ಭಾರ ಬಿದ್ದಷ್ಟೂ ಗಟ್ಟಿಯಾಗಿ ಹಿಡಿಯುವ ಹಾಗೆಯೇ ಅದನ್ನು ಮಾಡಿರುತ್ತಾರೆ. ಒದ್ದಾಡುವ ಮಗು ಬಿಚ್ಚಿಕೊಳ್ಳಬಾರದಲ್ಲ. ಅದು ಗೊತ್ತಿದ್ದೂ ಅವಳು ಮತ್ತೊಮ್ಮೆ ಎಳೆದಳು. ಉಗುರು ಮುರಿಯಿತು. ಆಮೇಲೆ ಬುದ್ಧಿ ಬಂತು. ಕೆಳಗಿನ ಮಂಚದ ಅಂಚಿಗೆ ಹತ್ತಿ, ಮಗಳ ತೊಡೆಗಳನ್ನು ಭುಜದ ಮೇಲೆ ಹೊತ್ತು ಮೇಲಕ್ಕೆ ನೂಕಿದಳು. ಪಟ್ಟಿ ಸಡಿಲವಾಯಿತು. ಅಡಿಯಲ್ಲಿ ಕೈ ತೂರಿಸಿ ತುದಿಯನ್ನು ಸಿಪ್ಪೆ ಸುಲಿದಂತೆ ಸುಲಿದಳು. ಚರ್ರೆಂದು ಬಿಟ್ಟುಕೊಂಡಿತು. ಇಬ್ಬರೂ ಒಟ್ಟಿಗೆ ಕೆಳಗಿನ ಹಾಸಿಗೆಯ ಮೇಲೆ ಬಿದ್ದರು.

ಆಮೆ ಉಸಿರೆಳೆದ ಸದ್ದು ಬಾಗಿಲ ಕೀಲು ಕಿರುಗುಟ್ಟಿದಂತಿತ್ತು. ಕೆಮ್ಮಿದಳು. ಮತ್ತೆ ಎಳೆದಳು. ತುಟಿಗೆ ನಿಧಾನವಾಗಿ ಬಣ್ಣ ಬಂತು.

"ಕೂಗೋಕಾಗ್ಲಿಲ್ವೇನೇ ಕಂದಾ? ಒಂದ್ಸಲ ಅಮ್ಮಾ ಅನ್ನಬಾರದಿತ್ತಾ?"

"ಒಂದಕ್ಕೆ ಅರ್ಜೆಂಟಾಗಿತ್ತು" ಎಂದಳು ಆಮೆ. ದನಿ ಒಡೆದಿತ್ತು. "ಇಳಿಯೋಕೆ ಹೋಗಿ ಸಿಕ್ಕಿಹಾಕ್ಕೊಂಡೆ. ಆಮೇಲೆ... ನೀನೇ ಅಲ್ಲಾಡಬೇಡ ಅಂದಿದ್ದೆಯಲ್ಲಾ."

ಅವಳ ಲಂಗ ಒದ್ದೆಯಾಗಿತ್ತು. ಅದಕ್ಕೆ ಮಾತ್ರ ಅವಳು ಅತ್ತಳು.

ಒಂದು ಭುಜವನ್ನು ಎತ್ತಲಾಗುತ್ತಿರಲಿಲ್ಲ. ಇಬ್ಬರು ಮಕ್ಕಳನ್ನೂ ಆಟೋದಲ್ಲಿ ಕೂರಿಸಿಕೊಂಡು ಅವಳು ತನ್ನದೇ ಆಸ್ಪತ್ರೆಗೆ ಹೋದಳು. ಗಂಡನಿಗೆ ಫೋನು ಮಾಡಿದರೆ ಅವನು ತೆಗೆಯಲಿಲ್ಲ, ಬಸ್ಸು ಓಡಿಸುವಾಗ ತೆಗೆಯುವವನಲ್ಲ. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಕತ್ತು ಮುಟ್ಟಿ ನೋಡಿ, "ಎದೆ, ಭುಜ ಎರಡೂ ತೆಗೆಸಿಬಿಡಿ" ಎಂದರು. ಎಕ್ಸ್‌ರೇ ಕೋಣೆಯಲ್ಲಿ ಡಾರ್ಕ್‌ರೂಮ್ ದೊಡ್ಡಮ್ಮನಿದ್ದಳು. ಮಗುವಿನ ಕತ್ತಿನ ಮೇಲಿನ ಕೆಂಪು ಬರೆಯನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ, ಕೇಳಲೇಬೇಕಾದ್ದನ್ನು ಕೇಳಿದಳು.

"ಹೇಗಾಯ್ತು?"

ಎಕ್ಸ್‌ರೇ ಅಕ್ಕನಿಗಿಂತ ಮೊದಲು ಆಮೆಯೇ ಬಾಯಿ ಬಿಟ್ಟಳು. "ಬಿದ್ದೆ ಅಜ್ಜಿ. ಆಟ ಆಡ್ತಾ ಬಿದ್ದೆ."

ಎಷ್ಟು ಸಲೀಸಾಗಿ ಹೇಳಿದಳು! ಅಮ್ಮನನ್ನು ಕಾಪಾಡಬೇಕೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮಂಚದ ಮೇಲೆ ಕಳೆದ ಎಲ್ಲ ರಾತ್ರಿಗಳಲ್ಲೂ ಅವಳು ಮಾಡುತ್ತಿದ್ದುದು ಇದೇ ಎಂದು ತಾಯಿಗೆ ಆಗ ಹೊಳೆಯಿತು. ಅಮ್ಮ ಹೆದರಬಾರದೆಂದು ಉಸಿರು ಬಿಗಿಹಿಡಿದು ಮಲಗಿದ್ದಳು, ಅಷ್ಟೇ. ಮಗಳು ನೇತುಬಿದ್ದದ್ದನ್ನು ಕಂಡಾಗ ಆಗಿದ್ದಕ್ಕಿಂತ ದೊಡ್ಡ ಭಯ ಈಗ ತಾಯಿಯನ್ನು ಹಿಡಿಯಿತು. ಈ ಮಗು ಇನ್ನು ಮೇಲೆ ಏನಾದರೂ ಆದರೆ ತನಗೆ ಹೇಳುವುದೇ ಇಲ್ಲ.

"ಬೀಳ್ಲಿಲ್ಲ" ಎಂದಳು. "ನಾನು ಕಟ್ಟಿದ್ದೆ. ಅವತ್ತು ತಗೊಂಡುಹೋದೆನಲ್ಲ, ಆ ಪಟ್ಟೀಲಿ."

ದೊಡ್ಡಮ್ಮ ಆಮೆಯನ್ನು ತಾನೇ ನಿಲ್ಲಿಸಿ, ಭುಜ ಸರಿಪಡಿಸಿ, ಗಾಜಿನ ಹಿಂದಕ್ಕೆ ಬಂದಳು. "ನೀನೇ ಹೇಳು, ನಿನ್ನ ದನಿ ಆದ್ರೆ ಕೇಳ್ತಾಳೆ" ಎಂದಳು.

"ಉಸಿರು ಹಿಡ್ಕೊ" ಎಂದಳು ಎಕ್ಸ್‌ರೇ ಅಕ್ಕ. ಅಲ್ಲಾಡಬೇಡ ಎಂಬ ಮುಂದಿನ ಮಾತನ್ನು ಆಡಲಿಲ್ಲ. ಅದನ್ನು ಹೇಳುವ ಅಗತ್ಯವೂ ಇರಲಿಲ್ಲ, ಗಾಜಿನಾಚೆ ಮಗು ಕಲ್ಲಿನಂತೆ ನಿಂತಿತ್ತು. ಯಂತ್ರ ಗುಂಯ್ ಎಂದು ನಿಂತಿತು. "ಉಸಿರು ಬಿಡು. ಬಿಡು ಮಗಳೇ, ಬಿಡು, ಆಯ್ತು, ಆಯ್ತು." ದೊಡ್ಡಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು, "ಆಗ್ಲೇ ಬಿಟ್ಟಳು. ನೋಡಿಲ್ಲಿ" ಎಂದು ತೆರೆಯನ್ನು ತೋರಿಸಿದಳು. ಪಕ್ಕೆಲುಬು, ಭುಜದ ಮೂಳೆ, ಎಲ್ಲ ನೆಟ್ಟಗಿದ್ದವು. ಎಲ್ಲೂ ಗೆರೆ ಬಿದ್ದಿರಲಿಲ್ಲ. ಸ್ನಾಯು ಎಳೆದಿರಬೇಕು, ವಾರದಲ್ಲಿ ಸರಿಹೋಗುತ್ತದೆ ಎಂದರು ಡಾಕ್ಟರು. ಉಸಿರಾಟದ ಮೇಲೆ ಕಣ್ಣಿಡಲು ಸ್ವಲ್ಪ ಹೊತ್ತು ಅಲ್ಲೇ ಮಲಗಿಸಿಕೊಂಡು, ಆಮೇಲೆ ಕಳಿಸಿದರು.

ಸಂಜೆ ಗಂಡ ಮನೆಗೆ ಬಂದಾಗ ಅವಳು ಎಲ್ಲವನ್ನೂ ಹೇಳಿದಳು. ಅವನು ಒಂದೂ ಜೋಕು ಹೇಳಲಿಲ್ಲ. ಪಟ್ಟಿಯನ್ನು ಕತ್ತರಿಸಿ ಕಸದ ಡಬ್ಬಿಗೆ ಹಾಕಿದ. "ಅವತ್ತೇ ಬಾಯಿ ಬಿಡಬೇಕಿತ್ತು ನಾನು" ಎಂದ. ಸ್ಪ್ಯಾನರ್ ಹುಡುಕಿಕೊಂಡು ಬಂದು, "ಮೇಲಿಂದು ಬಿಚ್ಚಿಬಿಡ್ತೀನಿ, ಯಾರಿಗೂ ಬೇಡ" ಎಂದ.

"ನಿಲ್ಲಪ್ಪಾ" ಎಂದಳು ಆಮೆ. ಕೈಯನ್ನು ಜೋಳಿಗೆಯಂಥ ಬಟ್ಟೆಯಲ್ಲಿ ತೂಗುಹಾಕಿಕೊಂಡು ಅವಳು ಕೆಳಗಿನ ಮಂಚದಲ್ಲಿ ಕೂತಿದ್ದಳು. "ಬಿಚ್ಚೋಕೆ ಮುಂಚೆ ಅಮ್ಮ ಒಂದ್ಸಲ ಹತ್ತಲಿ."

"ನಾನಾ? ಯಾಕೆ?"

"ಸುಮ್ನೆ. ನೀನು ಪೂರ್ತಿ ಮೇಲಕ್ಕೆ ಹತ್ತೇ ಇಲ್ಲ."

ಎಕ್ಸ್‌ರೇ ಅಕ್ಕ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಮಂಚ ಅವಳ ಭಾರಕ್ಕೆ ನರಳಿತು. "ಅಮ್ಮ ಆನೆ" ಎಂದು ಗುಬ್ಬಿ ಕಿಸಕ್ಕೆಂದಳು. ತಾಯಿ ಬಗ್ಗಿ, ತೆವಳಿ, ಮೇಲೆ ಅಂಗಾತ ಮಲಗಿದಳು. ಚಾವಣಿ ಮುಖದ ಮೇಲೇ ಬಂದು ಕೂತಂತಿತ್ತು. ಅಂಗಡಿಯಲ್ಲಿ ಕಲ್ಲಿನಂತಿದ್ದ ಮಂಚ ಇಲ್ಲಿ ಅವಳ ಒಂದೊಂದು ಉಸಿರಿಗೂ ತೂಗುತ್ತಿತ್ತು. ತೆಳ್ಳನೆಯ ಹಾಸಿಗೆಯ ಅಡಿಯಿಂದ ಹಲಗೆಗಳು ಒಂದೊಂದಾಗಿ ಬೆನ್ನಿಗೆ ಒತ್ತಿದವು. ತಡೆಪಟ್ಟಿಯಾಚೆ ನೆಲ ಎಲ್ಲೋ ಪಾತಾಳದಲ್ಲಿತ್ತು. ಕೆಳಗಿಂದ ಅವಳು ಅಳೆದ ಎತ್ತರ ಇದಲ್ಲ.

"ಅಮ್ಮಾ, ಭಯ ಆಗುತ್ತಾ?" ಆಮೆಯ ದನಿ ಕೆಳಗಿಂದ ಬಂತು.

ಇಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. "ಆಗುತ್ತೆ" ಎಂದಳು. "ತುಂಬಾ ಆಗುತ್ತೆ."

"ನಂಗೂ ಆಗ್ತಿತ್ತು" ಎಂದಳು ಆಮೆ. "ದಿನಾ."

ತಾಯಿ ಮಗ್ಗುಲಾಗಿ, ಹೊಟ್ಟೆಯ ಮೇಲೆ ಹೊರಳಿ, ಬಿಡುವಿನ ಜಾಗದಿಂದ ಒಂದು ಕಾಲನ್ನು ಕೆಳಗೆ ಬಿಟ್ಟಳು. ಮೆಟ್ಟಿಲು ಸಿಗಲಿಲ್ಲ. ಗಾಳಿಯಲ್ಲಿ ತಡಕಾಡಿದಳು. ಅಷ್ಟು ನೋಡಿ ಆರಿಸಿದ ಚಪ್ಪಟೆ ಮೆಟ್ಟಿಲು ಎಲ್ಲಿಗೆ ಹೋಯಿತು? ತಡೆಪಟ್ಟಿಯನ್ನು ಬಿಗಿಯಾಗಿ ಹಿಡಿದಳು. ಗಂಡ ಮುಂದೆ ಬಂದ ಸದ್ದು, ಆಮೆ "ಇರಪ್ಪಾ, ನಾನು" ಎಂದ ಸದ್ದು ಕೇಳಿಸಿತು.

ಪುಟ್ಟದೊಂದು ಕೈ ಅವಳ ಹಿಮ್ಮಡಿಯನ್ನು ಹಿಡಿಯಿತು.

"ಇನ್ನೂ ಸ್ವಲ್ಪ ಕೆಳಗೆ. ಅಲ್ಲಾಡು ಅಮ್ಮಾ, ಪರವಾಗಿಲ್ಲ. ಇನ್ನೂ ಸ್ವಲ್ಪ. ಹಾಂ, ಇಲ್ಲಿ."